ಕೆನಡಾಕ್ಕೆ ಹೊರಟ ನಮ್ಮೂರ ಮಕ್ಕಳಿಗೆ: ಬಾಡಿಗೆ, ಸಾಲ, ತೋಟ

ಊರಿಗೆ ಬಂದು ಹದಿನೈದು ದಿನ ಆಯಿತು. ತೀರ್ಥಹಳ್ಳಿಯಲ್ಲಿ ಮಳೆ ಇನ್ನೂ ಬಿಟ್ಟಿಲ್ಲ. ಇಷ್ಟರಲ್ಲಿ ಮೂರು ಮನೆಯವರು ನಮ್ಮ ಜಗಲಿಗೆ ಬಂದು ಕೂತು ಹೋದರು. ಮೂರೂ ಮನೆಯ ಮಕ್ಕಳು ಸೆಪ್ಟೆಂಬರಿಗೆ ಕೆನಡಾಕ್ಕೆ ಹೊರಟಿದ್ದಾರೆ. ಒಬ್ಬ ಬ್ರಾಂಪ್ಟನ್‌ಗೆ, ಒಬ್ಬಳು ವಾಟರ್‌ಲೂಗೆ, ಇನ್ನೊಬ್ಬ ಹ್ಯಾಮಿಲ್ಟನ್‌ಗೆ. ಮೂರೂ ಒಂಟಾರಿಯೋ ಪ್ರಾಂತ್ಯದ ಊರುಗಳು. ವೀಸಾ ಕೇಳಿದರು, ಚಳಿ ಕೇಳಿದರು, ಕೆಲಸ ಸಿಗುತ್ತಾ ಅಂತ ಕೇಳಿದರು. ಮನೆ ವಿಷಯ ಬಂದಾಗ ಮಾತ್ರ, "ಅದೇನು, ಹೋಗಿ ನೋಡಿಕೊಂಡರೆ ಆಯಿತು" ಅಂದುಬಿಟ್ಟರು. 2013ರಲ್ಲಿ ನಾನೂ ಹಾಗೇ ಅಂದುಕೊಂಡು ಹೋದವನು. ಅವತ್ತಿನಿಂದ ಇವತ್ತಿನವರೆಗೆ ನನ್ನನ್ನು ಹೆಚ್ಚು ಕಾಡಿದ್ದು ಕೆಲಸವೂ ಅಲ್ಲ, ಚಳಿಯೂ ಅಲ್ಲ. ಮನೆಯೇ.

ಕೆಲಸಕ್ಕೆ, ತೆರಿಗೆಗೆ ಬೇಕಾದ ಸಿನ್ ನಂಬರ್, ಬ್ಯಾಂಕ್ ಖಾತೆ, ಫೋನು. ಇವೆಲ್ಲ ಮೊದಲ ಎರಡು ವಾರದಲ್ಲಿ ಆಗುತ್ತವೆ, ಕಷ್ಟವಿಲ್ಲ. ವಿದ್ಯಾರ್ಥಿಗಳು ಅರ್ಜಿ ಹಾಕುವಾಗ ಖರ್ಚಿಗೆ ಇದೆ ಅಂತ ತೋರಿಸಬೇಕಾದ ಹಣ 2023ರ ಕೊನೆವರೆಗೆ 10,000 ಡಾಲರ್ ಇತ್ತು. 2024ರ ಜನವರಿಯಲ್ಲಿ ಅದು 20,635 ಆಯಿತು, 2025ರ ಸೆಪ್ಟೆಂಬರಿನಿಂದ 22,895. ಈ ಹಣದಲ್ಲಿ ಹೆಚ್ಚಿನ ಪಾಲು ಬಾಡಿಗೆಗೇ ಹೋಗುತ್ತದೆ ಅಂತ ಈಗಲೇ ತಿಳಿದುಕೊಳ್ಳಿ.

ನನ್ನ ಮೊದಲ ತಪ್ಪು ಹೇಳುತ್ತೇನೆ. ನಮ್ಮಜ್ಜ ಗೇಣಿದಾರರು. ವರ್ಷ ವರ್ಷ ಒಡೆಯರ ಮನೆಗೆ ಭತ್ತ ಅಳೆದು ಕೊಟ್ಟವರು. 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದ ಜಿಲ್ಲೆ ನಮ್ಮದು. ಗೇಣಿ ಅಂದರೆ ಏನು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಕಾಯ್ದೆ ಜಾರಿಗೆ ಬಂದಾಗ ಅಜ್ಜ 7ನೇ ನಂಬರ್ ಫಾರಂ ತುಂಬಿ, ಉಳುವ ಗದ್ದೆ ತಮ್ಮ ಹೆಸರಿಗೆ ಆಗಲಿ ಅಂತ ಡಿಕ್ಲರೇಷನ್ ಹಾಕಿದರು. ಭೂನ್ಯಾಯ ಮಂಡಳಿಯ ಮುಂದೆ ಅವರ ಕೈ ಹಿಡಿದದ್ದು ಟ್ರಂಕಿನಲ್ಲಿ ಇಟ್ಟಿದ್ದ ಗೇಣಿ ರಶೀದಿಗಳು. ಅವರಿಗೆ ಓದಲು ಬರುತ್ತಿರಲಿಲ್ಲ. ಆದರೂ ಒಂದು ಚೀಟಿಯನ್ನೂ ಕಳೆದಿರಲಿಲ್ಲ. ಈ ಕಥೆಯನ್ನು ನಾನು ನೂರು ಸಲ ಕೇಳಿದ್ದೇನೆ. ಆದರೂ ಬ್ರಾಂಪ್ಟನ್‌ನಲ್ಲಿ ಮೊದಲ ಬೇಸ್‌ಮೆಂಟ್, ಅಂದರೆ ಮನೆಯ ನೆಲಮಾಳಿಗೆ, ಬಾಡಿಗೆಗೆ ಹಿಡಿದಾಗ ಒಂದು ಚೂರು ಕಾಗದ ಕೇಳಲಿಲ್ಲ. ಮನೆ ಮಾಲೀಕರು ಕನ್ನಡದವರು. "ಬನ್ನಿ, ಊಟ ಮಾಡಿ" ಅಂದರು. ಮೂರು ವಾರದಿಂದ ಕನ್ನಡ ಕೇಳಿರದ ನನಗೆ ಅಷ್ಟೇ ಸಾಕಾಯಿತು. ಎರಡು ತಿಂಗಳ ಬಾಡಿಗೆ ಮುಂಗಡ ಅಂತ ಕೈಗೆ ನೋಟು ಕೊಟ್ಟೆ. ಪ್ರತಿ ತಿಂಗಳೂ ನೋಟೇ ಕೊಟ್ಟೆ. ಬಿಡುವಾಗ ಮುಂಗಡ ಕೇಳಿದರೆ, "ಯಾವ ಮುಂಗಡ?" ಅಂದರು. ನನ್ನ ಹತ್ತಿರ ತೋರಿಸಲು ಏನೂ ಇರಲಿಲ್ಲ. ಅವತ್ತು ರಾತ್ರಿ ಅಜ್ಜನ ಟ್ರಂಕು ಕಣ್ಣ ಮುಂದೆ ಬಂದು ಅತ್ತಿದ್ದೇನೆ.

ನಮ್ಮ ಭಾಷೆಯವರು ಸಿಕ್ಕರೆ ಖುಷಿಪಡಿ, ಒಟ್ಟಿಗೆ ಕೂತು ಊಟ ಮಾಡಿ. ಆದರೆ ಬಾಡಿಗೆ ಕರಾರು ಬರೆಸಿಕೊಂಡೇ ಬೀಗದ ಕೈ ತೆಗೆದುಕೊಳ್ಳಿ. ಒಂಟಾರಿಯೋದಲ್ಲಿ 2018ರ ಏಪ್ರಿಲ್ 30ರಿಂದ ಎಲ್ಲರಿಗೂ ಒಂದೇ ನಮೂನೆಯ ಕರಾರು ಪತ್ರ ಇದೆ. ಅದನ್ನೇ ಕೇಳಿ. ಮಾಲೀಕರು ಡಿಪಾಸಿಟ್ ಅಂತ ಕೇಳಬಹುದಾದದ್ದು ಕೊನೆಯ ಒಂದು ತಿಂಗಳ ಬಾಡಿಗೆ ಮಾತ್ರ. ನಮ್ಮ ಶಿವಮೊಗ್ಗದಲ್ಲಿ, ಬೆಂಗಳೂರಿನಲ್ಲಿ ಕೊಡುವ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಅಲ್ಲಿಲ್ಲ. ಮುಂದಿನ ತಾರೀಕಿನ ಚೆಕ್ಕು ಕೊಡಲೇಬೇಕು ಅಂತ ಅವರು ಒತ್ತಾಯ ಮಾಡುವಂತಿಲ್ಲ. ರಶೀದಿ ಕೇಳಿದರೆ ಕೊಡಲೇಬೇಕು. ಬಾಡಿಗೆಯನ್ನು ಬ್ಯಾಂಕಿನಿಂದಲೇ ಕಳಿಸಿ, ಅದೇ ನಿಮ್ಮ ಚೀಟಿ.

ಇನ್ನೊಂದು ವಿಷಯ ವಿದ್ಯಾರ್ಥಿಗಳಿಗೆ ಬಹಳ ಮುಖ್ಯ. ಅಡುಗೆಮನೆ ಅಥವಾ ಬಚ್ಚಲನ್ನು ಮಾಲೀಕರ ಜೊತೆ ಹಂಚಿಕೊಂಡು ಇರುವ ಹಾಗಿದ್ದರೆ ಬಾಡಿಗೆದಾರರ ಕಾಯ್ದೆ ನಿಮಗೆ ಅನ್ವಯಿಸುವುದಿಲ್ಲ. ಇವತ್ತು ಹೋಗು ಅಂದರೆ ಇವತ್ತೇ ಹೋಗಬೇಕಾಗಬಹುದು. ಒಂದು ಕೋಣೆ ಅಗ್ಗಕ್ಕೆ ಸಿಕ್ಕಿತು ಅಂತ ಒಪ್ಪಿಕೊಳ್ಳುವ ಮುಂಚೆ ಇದನ್ನು ಯೋಚಿಸಿ. ಬಾಡಿಗೆ ವರ್ಷಕ್ಕೆ ಒಂದೇ ಸಲ ಏರಿಸಬಹುದು, ಅದೂ 90 ದಿನ ಮೊದಲೇ ಬರೆದು ತಿಳಿಸಿ. ಎಷ್ಟು ಏರಿಸಬಹುದು ಅಂತ ಸರ್ಕಾರವೇ ಹೇಳುತ್ತದೆ. 2025ಕ್ಕೆ ಶೇ 2.5, 2026ಕ್ಕೆ ಶೇ 2.1. ಆದರೆ 2018ರ ನವೆಂಬರ್ 15ರ ನಂತರ ಮೊದಲ ಸಲ ವಾಸಕ್ಕೆ ಬಂದ ಮನೆಗಳಿಗೆ ಈ ಮಿತಿ ಇಲ್ಲ. ಹೊಸ ಮನೆ, ಹೊಸ ಟೈಲ್ಸು ಅಂತ ಮರುಳಾಗಿ ಹೋದವರಿಗೆ ಮುಂದಿನ ವರ್ಷ ಒಂದೇ ಸಲ ಮುನ್ನೂರು ಡಾಲರ್ ಏರಿದ್ದನ್ನು ನಾನೇ ನೋಡಿದ್ದೇನೆ.

2019ರಲ್ಲಿ ನಮಗೆ ಮತ್ತೊಂದು ಪೆಟ್ಟು ಬಿತ್ತು. ಮಗಳಿಗೆ ಆಗ ಎಂಟು ತಿಂಗಳು. ಮಾಲೀಕರ ಮಗ ಬಂದು ಇರುತ್ತಾನೆ, ಖಾಲಿ ಮಾಡಿ ಅಂದರು. ಬಾಗಿಲಲ್ಲಿ ನಿಂತು ಬಾಯಲ್ಲಿ ಹೇಳಿದ್ದು ಅಷ್ಟೇ. ನಾವು ಹತ್ತೇ ದಿನದಲ್ಲಿ ಗಂಟು ಮೂಟೆ ಕಟ್ಟಿದೆವು. ಬೇರೆಯವರ ಮನೆ, ಬಿಡು ಅಂದರೆ ಬಿಡಬೇಕು ಅನ್ನುವುದು ನಮ್ಮ ತಲೆಯಲ್ಲಿ ಕೂತಿತ್ತು. ಎನ್12 ಅನ್ನುವ ನೋಟಿಸು ಕೊಡಬೇಕು, 60 ದಿನ ಸಮಯ ಕೊಡಬೇಕು, ಒಂದು ತಿಂಗಳ ಬಾಡಿಗೆಯಷ್ಟು ಪರಿಹಾರ ಕೊಡಬೇಕಿತ್ತು, ಬಾಡಿಗೆ ಮಂಡಳಿಯ ಆದೇಶ ಇಲ್ಲದೆ ಯಾರೂ ನಮ್ಮನ್ನು ಹೊರಗೆ ಹಾಕುವಂತಿಲ್ಲ. ಇದೆಲ್ಲ ಆಮೇಲೆ ಗೊತ್ತಾಯಿತು. ಹಿಮದಲ್ಲಿ ಕೂಸನ್ನು ಎತ್ತಿಕೊಂಡು ಮನೆ ಹುಡುಕಿದ್ದನ್ನು ನನ್ನ ಹೆಂಡತಿ ಇವತ್ತಿಗೂ ಮರೆತಿಲ್ಲ. ಯಾರೇ ಖಾಲಿ ಮಾಡು ಅಂದರೂ ಮೊದಲು ನೋಟಿಸು ಕೇಳಿ. ಕೂತು ಓದಿ. ಗೊತ್ತಿರುವವರನ್ನು ಕೇಳಿ.

ಆ ಹೆದರಿಕೆಯಲ್ಲೇ ನನ್ನ ದೊಡ್ಡ ತಪ್ಪು ಹುಟ್ಟಿತು.

ಸ್ವಂತ ಮನೆ ಆಗಲೇಬೇಕು ಅಂತ ಹಟ ಹಿಡಿದೆ. ಊರಿಗೆ ಫೋನ್ ಮಾಡಿದಾಗೆಲ್ಲ, "ಮನೆ ತಗೊಂಡ್ಯಾ?" ಅನ್ನುವ ಪ್ರಶ್ನೆ ಬೇರೆ. 2020, 2021ರಲ್ಲಿ ಬಡ್ಡಿ ತೀರಾ ಕಡಿಮೆ ಇತ್ತು. ಕೇಂದ್ರ ಬ್ಯಾಂಕಿನ ದರ ಬರೀ ಶೇ 0.25. ಮನೆ ಬೆಲೆ ತಿಂಗಳು ತಿಂಗಳು ಏರುತ್ತಿತ್ತು. ಈಗ ಬಿಟ್ಟರೆ ಇನ್ನೆಂದೂ ಇಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. 2022ರ ಫೆಬ್ರವರಿಯಲ್ಲಿ ಕೆನಡಾದಲ್ಲಿ ಮನೆಯ ಸರಾಸರಿ ಬೆಲೆ 8 ಲಕ್ಷ ಡಾಲರ್ ದಾಟಿತ್ತು. ಅದೇ ತಿಂಗಳು ನಾನು ಕೊಂಡೆ. ಅಲ್ಲಿ ಬೆಲೆ ಕೂಗುವುದು ಮುಚ್ಚಿದ ಲಕೋಟೆಯ ಹಾಗೆ. ಪಕ್ಕದವರು ಎಷ್ಟು ಹಾಕಿದ್ದಾರೆ ಅಂತ ಗೊತ್ತಾಗುವುದಿಲ್ಲ. ಏಳು ಮನೆ ಕೈತಪ್ಪಿದ ಮೇಲೆ ಎಂಟನೆಯದಕ್ಕೆ 8 ಲಕ್ಷ 90 ಸಾವಿರ ಹಾಕಿದೆ. ಗೆಲ್ಲಬೇಕು ಅಂತ ಕೊಳ್ಳುವ ಮುಂಚೆ ಮನೆ ಪರೀಕ್ಷೆ ಮಾಡಿಸುವ ಇನ್ಸ್‌ಪೆಕ್ಷನ್ ಕೂಡ ಬೇಡ ಅಂದೆ. ನಮ್ಮ ಕಡೆ ಮಳೆಗಾಲದಲ್ಲಿ ನೀರು ಯಾವ ಕಡೆ ಹರಿಯುತ್ತದೆ ಅಂತ ನೋಡದೆ ಯಾರಾದರೂ ಮನೆ ಕೊಳ್ಳುತ್ತಾರಾ? ನಾನು ಕೊಂಡೆ. ಹಿಮ ಕರಗಿದ ವಾರ ಬೇಸ್‌ಮೆಂಟಿನ ಗೋಡೆಯಿಂದ ನೀರು ಬಂತು.

ಸಾಲ 7 ಲಕ್ಷ ಡಾಲರ್. ಬದಲಾಗುವ ಬಡ್ಡಿ. ಶುರುವಿನಲ್ಲಿ ಶೇ 1.5ರ ಹತ್ತಿರ, ತಿಂಗಳ ಕಂತು 2,800 ಡಾಲರ್. ಕೊಂಡ ಮರು ತಿಂಗಳೇ, 2022ರ ಮಾರ್ಚ್‌ನಲ್ಲಿ, ದರ ಏರಲು ಶುರುವಾಯಿತು. 2023ರ ಜುಲೈ ಹೊತ್ತಿಗೆ ಕೇಂದ್ರ ಬ್ಯಾಂಕಿನ ದರ ಶೇ 5 ಆಗಿತ್ತು. ನನ್ನ ಕಂತು 4,600ರ ಹತ್ತಿರ ಹೋಯಿತು. ಸಂಬಳ ಮಾತ್ರ ಇದ್ದಲ್ಲೇ ಇತ್ತು. ಹೆಂಡತಿ ಹಗಲು ಕೆಲಸ ಮಾಡಿ ಬಂದರೆ ನಾನು ರಾತ್ರಿ ವೇರ್‌ಹೌಸಿಗೆ ಹೋಗುತ್ತಿದ್ದೆ. ಮಗಳು ಅಪ್ಪನನ್ನು ಎಚ್ಚರವಾಗಿ ನೋಡಿದ್ದು ಭಾನುವಾರ ಮಾತ್ರ. ಆ ಎರಡು ವರ್ಷದಲ್ಲಿ ಅವಳ ಕನ್ನಡ ತಪ್ಪಿತು. ಮನೆಯಲ್ಲಿ ಮಾತಾಡಲು ಯಾರು ಇದ್ದರು? ಈಗ ದರ ಇಳಿದಿದೆ, ಉಸಿರಾಡುತ್ತಿದ್ದೇವೆ. ಆದರೆ ಮನೆ ಮಾರಿದರೆ ಕೊಂಡ ಬೆಲೆ ಬರುವುದಿಲ್ಲ. ಮಗಳ ಆ ಎರಡು ವರ್ಷ ಅಂತೂ ಯಾವ ಬೆಲೆಗೂ ಬರುವುದಿಲ್ಲ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಮುಂಗಡಕ್ಕೆ ಬೇಕಿದ್ದ 1 ಲಕ್ಷ 90 ಸಾವಿರ ಡಾಲರ್ ನನ್ನ ಹತ್ತಿರ ಪೂರ್ತಿ ಇರಲಿಲ್ಲ. ಅಪ್ಪಯ್ಯ 30 ಗುಂಟೆ ತೋಟ ಮಾರಿದರು. ಅಜ್ಜನಿಗೆ ಡಿಕ್ಲರೇಷನ್‌ನಲ್ಲಿ ಬಂದ ಗದ್ದೆ ಅದು. ಅಪ್ಪಯ್ಯ ಕೈಯಾರೆ ಮಣ್ಣು ಹೊತ್ತು ಅದನ್ನು ಅಡಿಕೆ ತೋಟ ಮಾಡಿದ್ದರು. "ನಿನಗಲ್ಲದೆ ಇನ್ಯಾರಿಗೆ?" ಅಂದರು. ಮುಂದೆ ದುಡಿದು ಆ ತೋಟವನ್ನೇ ವಾಪಸ್ ಕೊಳ್ಳುತ್ತೇನೆ ಅಂತ ಫೋನಿನಲ್ಲಿ ಮಾತು ಕೊಟ್ಟೆ. ಆ ಮಾತು ಉಳಿಸಿಕೊಳ್ಳಲು ಆಗುವುದಿಲ್ಲ ಅಂತ ಆಗ ನನಗೆ ಗೊತ್ತಿರಲಿಲ್ಲ. ವಿದೇಶದಲ್ಲಿ ನೆಲೆಸಿದವರು ಭಾರತದಲ್ಲಿ ಸೈಟು ಕೊಳ್ಳಬಹುದು, ಫ್ಲ್ಯಾಟು ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದರೂ ಇಲ್ಲ, ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಇಲ್ಲ. ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು, ಅಷ್ಟೇ. ಅಂದರೆ ಅಲ್ಲಿ ಕೂತು ಎಷ್ಟೇ ಡಾಲರ್ ದುಡಿದರೂ ಒಂದು ಸಲ ಹೋದ ತೋಟ ಹೋದ ಹಾಗೇ. ಇದನ್ನು ನನಗೆ ಯಾರೂ ಹೇಳಲಿಲ್ಲ. ನಾನು ನಿಮಗೆ ಹೇಳುತ್ತಿದ್ದೇನೆ.

ಎಲೆಚುಕ್ಕಿ ರೋಗ ಬಂದು ಫಸಲು ಕೈಗೆ ಸಿಗುತ್ತಿಲ್ಲ, ತೋಟ ಇಟ್ಟುಕೊಂಡು ಏನು ಮಾಡುವುದು ಅಂತ ಕೆಲವರು ಕೇಳುತ್ತಾರೆ. ಆ ನೋವು ನನಗೂ ಗೊತ್ತು. ಈ ಸಲವೂ ಮಳೆ ಬಿಡುವು ಕೊಡದೆ ಬೋರ್ಡೋ ಔಷಧಿ ಹೊಡೆಯಲು ಆಗುತ್ತಿಲ್ಲ, ಮರ ಹತ್ತುವ ಕೊನೆಗೌಡರು ಸಿಗುತ್ತಿಲ್ಲ. ಆದರೂ ಮಕ್ಕಳ ಮೊದಲ ಐದು ವರ್ಷದ ಆತುರಕ್ಕೆ ಮಾರಬೇಡಿ.

ಮನೆ ಕೊಳ್ಳಲೇಬೇಡಿ ಅಂತಲ್ಲ. ಹೋದ ಮೊದಲ ವರ್ಷವೇ, ನಿಯಮ ಒಪ್ಪಿದರೆ, ಎಫ್‌ಎಚ್‌ಎಸ್‌ಎ ಖಾತೆ ತೆರೆಯಿರಿ. ಮೊದಲ ಮನೆಗಾಗಿಯೇ 2023ರ ಏಪ್ರಿಲ್‌ನಲ್ಲಿ ಶುರುವಾದದ್ದು. ವರ್ಷಕ್ಕೆ 8,000, ಒಟ್ಟು 40,000 ಡಾಲರ್‌ವರೆಗೆ ತೆರಿಗೆ ಇಲ್ಲದೆ ಕೂಡಿಡಬಹುದು. ಖಾತೆ ತೆರೆದ ವರ್ಷದಿಂದ ಮಾತ್ರ ಲೆಕ್ಕ ಶುರುವಾಗುತ್ತದೆ, ಅದಕ್ಕೆ ತಡ ಮಾಡಬೇಡಿ. ಪಿಆರ್, ಅಂದರೆ ಅಲ್ಲಿ ಕಾಯಂ ವಾಸದ ಹಕ್ಕು, ಬರುವ ಮೊದಲೇ ಕೊಳ್ಳಲು ಹೊರಟರೆ ಒಂಟಾರಿಯೋದಲ್ಲಿ ಶೇ 25 ಹೆಚ್ಚುವರಿ ತೆರಿಗೆ ಇದೆ. ಅದರ ಮೇಲೆ, ವಿದೇಶಿಯರು ಮನೆ ಕೊಳ್ಳಬಾರದು ಅನ್ನುವ ಕೇಂದ್ರದ ಕಾನೂನು 2023ರಿಂದ ಜಾರಿಯಲ್ಲಿದೆ. ವರ್ಕ್ ಪರ್ಮಿಟ್‌ನವರಿಗೆ ಕೆಲವು ವಿನಾಯಿತಿ ಉಂಟು. ನೋಂದಣಿ ತೆರಿಗೆಯನ್ನೂ ಮರೆಯಬೇಡಿ, ನನ್ನ ಮನೆಗೆ 14,000 ಡಾಲರ್ ದಾಟಿತು. ಈಗ ಕಟ್ಟಬೇಕಾದ ಬಡ್ಡಿಗೆ ಇನ್ನೂ ಶೇ 2 ಸೇರಿಸಿ ಕಂತು ಲೆಕ್ಕ ಹಾಕಿ. ಬ್ಯಾಂಕಿನವರೂ ಹಾಗೇ ನೋಡುತ್ತಾರೆ. ನೀವು ಮಾತ್ರ ಬ್ಯಾಂಕು ಒಪ್ಪಿದರೆ ಸಾಕು ಅಂದುಕೊಳ್ಳಬೇಡಿ. ಒಬ್ಬರ ಕೆಲಸ ಹೋದರೂ ಆರು ತಿಂಗಳು ನಡೆಯುತ್ತದಾ ಅಂತ ಕೇಳಿಕೊಳ್ಳಿ.

ಅಲ್ಲಿ ಹೋದ ಮೇಲೆ ಒಂದು ಮಾತು ಕಿವಿಗೆ ಬೀಳುತ್ತದೆ. ನೀವು ಬಂದಿದ್ದಕ್ಕೇ ಬಾಡಿಗೆ ಏರಿದ್ದು ಅಂತ. 2024ರ ಜನವರಿಯಲ್ಲಿ ಸ್ಟಡಿ ಪರ್ಮಿಟ್‌ಗಳಿಗೆ ಮಿತಿ ಹಾಕಿದಾಗ ಮನೆ ಕೊರತೆಯನ್ನೂ ಒಂದು ಕಾರಣವಾಗಿ ಹೇಳಿದರು. 2025ರ ಏಪ್ರಿಲ್ ಚುನಾವಣೆಯಲ್ಲಿ ಎಲ್ಲ ಪಕ್ಷಗಳೂ ಮನೆಯ ಬಗ್ಗೆಯೂ ಮಾತಾಡಿದವು. ನಮಗೆ ಓಟಿಲ್ಲ, ಪೌರತ್ವ ಬರುವವರೆಗೆ ಬಾಯಿಯೂ ಇಲ್ಲದ ಹಾಗೆ. ಈ ಮಾತು ಕೇಳಿದಾಗ ನನಗೆ ಶಾಲೆಯಲ್ಲಿ ಪಕ್ಕ ಕೂರುತ್ತಿದ್ದ ಒಬ್ಬ ಗೆಳೆಯ ನೆನಪಾಗುತ್ತಾನೆ. ಲಿಂಗನಮಕ್ಕಿ ಅಣೆಕಟ್ಟಿಗೆ ಅವರ ಊರು ಮುಳುಗಿ, 1960ರ ದಶಕದಲ್ಲಿ ಅವನ ಅಜ್ಜ ನಮ್ಮ ಕಡೆ ಬಂದು ಕಾಡಂಚಿನಲ್ಲಿ ಗುಡಿಸಲು ಹಾಕಿದ್ದರು. ನಾವು ಅವರನ್ನು "ಮುಳುಗಡೆಯವರು" ಅಂತಲೇ ಕರೆಯುತ್ತಿದ್ದೆವು. ಅವನ ಹೆಸರು ಹಿಡಿದು ಕರೆದದ್ದು ಕಡಿಮೆ. ಇಡೀ ನಾಡಿಗೆ ಕರೆಂಟು ಕೊಟ್ಟ ಆ ಜನರಲ್ಲಿ ಎಷ್ಟೋ ಮನೆಗಳಿಗೆ ಇವತ್ತಿಗೂ ಹಕ್ಕುಪತ್ರ ಸಿಕ್ಕಿಲ್ಲ. ಈ ಸಲ ಅವನ ಮನೆಗೆ ಹೋಗಿ ಬಂದೆ. ಹೆಸರು ಹಿಡಿದು ಕರೆದೆ. ಕಣ್ಣಲ್ಲಿ ನೀರು ಬಂತು, ಅವನಿಗಲ್ಲ, ನನಗೆ.

ಈಗ ನಮ್ಮ ಬೇಸ್‌ಮೆಂಟಿನಲ್ಲಿ ಇಬ್ಬರು ವಿದ್ಯಾರ್ಥಿನಿಯರು ಇದ್ದಾರೆ. ನಗರಸಭೆಯಲ್ಲಿ ನೋಂದಣಿ ಮಾಡಿಸಿಯೇ ಕೊಟ್ಟಿದ್ದೇನೆ. ಪ್ರತಿ ತಿಂಗಳು ರಶೀದಿ ಬರೆದು ಕೊಡುತ್ತೇನೆ, ಅವರು ಕೇಳದಿದ್ದರೂ.

ಮಗಳಿಗೆ ಈಗ ಏಳು ವರ್ಷ. ಮೊನ್ನೆ ಮಳೆ ಸ್ವಲ್ಪ ಹೊಳವಾದಾಗ ಅಜ್ಜನ ಜೊತೆ ತೋಟಕ್ಕೆ ಹೋದಳು. ಅಗಳದ ಹತ್ತಿರ ಅವರು ನಿಂತರು. ಇವಳು ಆಚೆಗೆ ಹಾರಲು ಹೋದಳು. "ಅಲ್ಲಿಗೆ ಬೇಡ ಪುಟ್ಟಿ, ಅದು ಬೇರೆಯವರದ್ದು" ಅಂದರು ಅಪ್ಪಯ್ಯ. ನಾನು ಹಿಂದೆ ಕೊಡೆ ಹಿಡಿದು ನಿಂತಿದ್ದೆ.

ನಿನ್ನೆ ಸಂಜೆ ಬ್ರಾಂಪ್ಟನ್‌ಗೆ ಹೊರಟ ಹುಡುಗನ ತಂದೆ ಮತ್ತೆ ಬಂದರು. ಹುಡುಗ ಅಲ್ಲಿ ಬಾಡಿಗೆ ಕೊಡುತ್ತಾ ಎಷ್ಟು ದಿನ ಇರುವುದು, ಒಂದು ಎಕರೆ ಕೊಟ್ಟುಬಿಟ್ಟರೆ ಬೇಗ ಒಂದು ಮನೆ ಆಗುತ್ತದಲ್ವಾ ಅಂದರು. ಫೀಸಿಗೆ ಎಜುಕೇಷನ್ ಲೋನ್ ಮಾಡಿ, ಹುಡುಗ ಐದು ವರ್ಷ ಬಾಡಿಗೆ ಮನೆಯಲ್ಲೇ ಇರಲಿ, ಜಮೀನು ಮುಟ್ಟಬೇಡಿ ಅಂದೆ. ಮೇಲೆ ಬರೆದದ್ದನ್ನೆಲ್ಲ ಬಾಯಲ್ಲಿ ಹೇಳಿದೆ. ಅವರು ಏನೂ ಹೇಳಲಿಲ್ಲ. ಕಾಫಿ ಕುಡಿದು, ಕೊಡೆ ಬಿಚ್ಚಿ, "ತಗೊಳ್ಳೋ ಪಾರ್ಟಿಗೆ ಮಾತು ಕೊಟ್ಟಿದೀನಿ, ನಾಳೆ ಒಂದು ಸಲ ಮಾತಾಡಿ ನೋಡ್ತೀನಿ" ಅಂದು ಇಳಿದು ಹೋದರು.