ಲೆಕ್ಕಪರಿಶೋಧನಾ ಕಚೇರಿಯ ತನಿಖಾಧಿಕಾರ ಹೆಚ್ಚಿಸುವ ತಿದ್ದುಪಡಿ: ಕರಡು ಬರೆಯುವುದು ಹೇಗೆ?

ಕಡತ ಕೇಳುವ ಅಧಿಕಾರ ಸಾಮಾನ್ಯವಾಗಿ ಕಾಯ್ದೆಯಲ್ಲೇ ಇರುತ್ತದೆ. ಕೊಡದಿದ್ದರೆ ಏನು ಎಂಬುದು ಇರುವುದಿಲ್ಲ. ಭಾರತದ 1971ರ ಸಿಎಜಿ (ನಿಯಂತ್ರಕ ಮತ್ತು ಮಹಾಲೆಕ್ಕಪರಿಶೋಧಕ) ಕಾಯ್ದೆಯ 18ನೇ ಕಲಂ ತೆಗೆದು ನೋಡಿ: ಲೆಕ್ಕದ ಕಚೇರಿಗಳನ್ನು ತಪಾಸಣೆ ಮಾಡಬಹುದು, ಪುಸ್ತಕ ತರಿಸಿಕೊಳ್ಳಬಹುದು, ಪ್ರಶ್ನೆ ಕೇಳಬಹುದು. ಆದರೆ ಆ ಕಲಂನಲ್ಲಿ ಇಷ್ಟು ದಿನದೊಳಗೆ ಎಂಬ ಗಡುವೂ ಇಲ್ಲ, ದಂಡವೂ ಇಲ್ಲ. ತಿದ್ದುಪಡಿ ಶುರುವಾಗಬೇಕಾದದ್ದು ಇಲ್ಲಿಂದ.

ಕರಡಿಗೆ ಕೈ ಹಾಕುವ ಮೊದಲು ನಿರಾಕರಣೆಯ ವಹಿ ಸಿದ್ಧವಿರಲಿ. ಕಳೆದ ಮೂರು ವರ್ಷಗಳ ಪ್ರತಿ ಆಡಿಟ್ ಮೆಮೊಗೂ (ಲೆಕ್ಕಪರಿಶೋಧಕರು ದಾಖಲೆ, ವಿವರಣೆ ಕೇಳಿ ಬರೆದ ಪತ್ರ) ಒಂದು ಸಾಲು: ಕೇಳಿದ ದಿನ, ಕೇಳಿದ ದಾಖಲೆ, ಜವಾಬ್ದಾರ ಹುದ್ದೆ, ಬಂದ ಉತ್ತರ, ಕಳೆದ ದಿನಗಳು. "ಕಡತ ಮೇಲಧಿಕಾರಿಗಳ ಬಳಿ ಇದೆ" ಎಂಬ ಉತ್ತರವನ್ನು ಇದ್ದ ಹಾಗೇ ಬರೆದಿಡಿ. ಈಗಿರುವ ಅಧಿಕಾರ ಸಾಲದೇ ಎಂದು ಸದನ ಸಮಿತಿ ಕೇಳಿಯೇ ಕೇಳುತ್ತದೆ. ಆಗ ಈ ವಹಿಗಿಂತ ಗಟ್ಟಿ ಆಧಾರ ಬೇರೊಂದಿಲ್ಲ.

ಕಲಂನ ಒಕ್ಕಣೆ ಹೀಗಿರಲಿ: "ಲಿಖಿತ ಬೇಡಿಕೆ ತಲುಪಿದ 15 ದಿನಗಳೊಳಗೆ ದಾಖಲೆ ಒದಗಿಸತಕ್ಕದ್ದು, ಸಾಧ್ಯವಾಗದಿದ್ದರೆ ಕಚೇರಿ ಮುಖ್ಯಸ್ಥರು ಕಾರಣವನ್ನು ಸಹಿ ಮಾಡಿ ತಿಳಿಸತಕ್ಕದ್ದು." ಸಹಿ ಬಿಟ್ಟರೆ ಹೊಣೆ ಗುಮಾಸ್ತರ ತಲೆಗೆ ಬರುತ್ತದೆ. "ದಾಖಲೆ" ಎಂಬುದರ ವ್ಯಾಖ್ಯೆಯಲ್ಲಿ ಡೇಟಾಬೇಸ್, ಇಮೇಲ್, ಲಾಗ್ (ಯಾರು ಯಾವಾಗ ಏನು ಬದಲಿಸಿದರೆಂಬ ದಾಖಲು) ಇವುಗಳ ಹೆಸರು ಹೇಳಿ. ಇಲ್ಲವಾದರೆ ಮುದ್ರಿಸಿದ ಸಾರಾಂಶ ಕೈಗಿತ್ತು ಸುಮ್ಮನಾಗುತ್ತಾರೆ, ಅದರಲ್ಲಿ ಅಳಿಸಿದ ನಮೂದು ಕಾಣುವುದೇ ಇಲ್ಲ. ಓದಲಷ್ಟೇ ಬರುವ ಲಾಗಿನ್ ಕೇಳಿ. ಪ್ರತಿ ತೆಗೆದುಕೊಂಡಾಗ ಅದರ ಹ್ಯಾಶ್ ಮೌಲ್ಯವನ್ನು (ಕಡತ ಬದಲಾದರೆ ತಾನೂ ಬದಲಾಗುವ ಗುರುತಿನ ಸಂಕೇತ) ಎರಡೂ ಕಡೆಯವರು ಬರೆದು ಸಹಿ ಹಾಕುವುದು ಕಡ್ಡಾಯವಾಗಲಿ. ಸಾರ್ವಜನಿಕ ಹಣ ಪಡೆದ ಗುತ್ತಿಗೆದಾರರೂ ವ್ಯಾಪ್ತಿಗೆ ಬರಬೇಕು, ಆ ಹಣದ ಲೆಕ್ಕದ ಮಟ್ಟಿಗೆ ಮಾತ್ರ.

ನ್ಯಾಯಾಲಯದ ದಾರಿಯನ್ನು ಗಟ್ಟಿಯಾಗಿ ಬರೆಯದಿದ್ದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ಅನುಭವಿಸಿದೆ. ಉಪಾಧ್ಯಕ್ಷರ ಇಂಧನ ನೀತಿ ತಂಡದ ದಾಖಲೆಗಾಗಿ ಅದು ಹೂಡಿದ ದಾವೆ, ಹೂಡುವ ಅರ್ಹತೆಯೇ ಇಲ್ಲವೆಂದು 2002ರಲ್ಲಿ ವಜಾ ಆಯಿತು. ದಾವೆಯ ಹಕ್ಕನ್ನು ಮತ್ತಷ್ಟು ಬಲಪಡಿಸುವ ಕಾಯ್ದೆ ಬಂದದ್ದು 2017ರಲ್ಲಿ.

ಬಂಧನ, ಶೋಧದ ಅಧಿಕಾರ ಬೇಡ. ಅದು ಪೊಲೀಸರ ಕೆಲಸ. ಅದನ್ನು ಕೇಳಿದರೆ ಮಸೂದೆ ಸಮಿತಿಯಲ್ಲೇ ಕೂರುತ್ತದೆ. ಬಲವಂತವಾಗಿ ಪಡೆದ ಹೇಳಿಕೆ ಮುಂದೆ ಕ್ರಿಮಿನಲ್ ಮೊಕದ್ದಮೆಯಲ್ಲಿ ಬಿದ್ದುಹೋಗುವ ಅಪಾಯವೂ ಇದೆ. ದಕ್ಷಿಣ ಆಫ್ರಿಕಾದ 2018ರ ತಿದ್ದುಪಡಿ ಇಲ್ಲಿ ಒಳ್ಳೆಯ ಮಾದರಿ: ಗಂಭೀರ ಅಕ್ರಮ ಕಂಡರೆ ಮಹಾಲೆಕ್ಕಪರಿಶೋಧಕರು ತನಿಖಾ ಸಂಸ್ಥೆಗೆ ಒಪ್ಪಿಸಬಹುದು, ಇಲ್ಲವೇ ಶಿಫಾರಸು ಮಾಡಬಹುದು, ಅದು ಜಾರಿಯಾಗದಿದ್ದರೆ ಪರಿಹಾರ ಕ್ರಮಕ್ಕೆ ಆದೇಶಿಸಬಹುದು. ಆದೇಶಕ್ಕೂ ಜಗ್ಗದೆ ನಷ್ಟ ವಸೂಲಾಗದಿದ್ದರೆ ನಷ್ಟವನ್ನು ಸ್ವಂತ ಹಣದಿಂದ ತುಂಬಿಕೊಡಬೇಕೆಂದು ಹೊಣೆಗಾರ ಅಧಿಕಾರಿಯ ಮೇಲೆ ಸಾಲದ ಪ್ರಮಾಣಪತ್ರ ಹೊರಡುತ್ತದೆ. ಇದು 2019ರ ಏಪ್ರಿಲ್ 1ರಂದು ಜಾರಿಗೆ ಬಂತು, ಎಲ್ಲ ಸಂಸ್ಥೆಗಳ ಮೇಲೆ ಒಟ್ಟಿಗೆ ಅಲ್ಲ, ಹಂತ ಹಂತವಾಗಿ. ನಿಮ್ಮ ಕರಡಿನಲ್ಲೂ ಜಾರಿಯ ಕಲಂ ಹಾಗೇ ಇರಲಿ. ಹೊಸ ಅಧಿಕಾರಕ್ಕೆ ತಕ್ಕ ವಕೀಲರು, ಡೇಟಾ ಬಲ್ಲವರು ಕಚೇರಿ ಸೇರಲು ಸಮಯ ಹಿಡಿಯುತ್ತದೆ.