ಸಿಗ್ನಲ್‌ನಲ್ಲಿ ನಿಂತಾಗ ನಡುಗುತ್ತಿದ್ದ ಕಾರು

ಮೈಸೂರಿನ ನನ್ನ ಗ್ಯಾರೇಜಿಗೆ ಬರುವ ಹೊತ್ತಿಗೆ ಆ ಪೆಟ್ರೋಲ್ ಕಾರಿಗೆ ಹೊಸ ಪ್ಲಗ್, ಹೊಸ ಇಗ್ನಿಷನ್ ಕಾಯಿಲ್ ಹಾಕಿಸಿಯಾಗಿತ್ತು. ಥ್ರಾಟಲ್ ಬಾಡಿಯನ್ನೂ ತೊಳೆಸಿದ್ದರು. ಚೆಕ್ ಎಂಜಿನ್ ದೀಪ ಉರಿಯುತ್ತಿರಲಿಲ್ಲ, ಸ್ಕ್ಯಾನರ್‌ನಲ್ಲಿ ಒಂದು ದೋಷದ ಕೋಡೂ ಇರಲಿಲ್ಲ. ಮಾಲೀಕರು ನಿವೃತ್ತ ಮೇಷ್ಟ್ರು. "ಬೆಳಿಗ್ಗೆ ಹೊರಟಾಗ ಚೆನ್ನಾಗಿರುತ್ತದೆ, ಹೆದ್ದಾರಿಯಲ್ಲೂ ತೊಂದರೆಯಿಲ್ಲ. ಎಂಜಿನ್ ಕಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಸ್ಟಿಯರಿಂಗ್ ಅದುರುತ್ತದೆ, ಪೆಟ್ರೋಲ್ ವಾಸನೆ ಬೇರೆ" ಎಂದರು. ಇಷ್ಟು ಬಿಡಿಸಿ ಹೇಳುವ ಗಿರಾಕಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆಯೇ.

ಬಾನೆಟ್ ಎತ್ತುವ ಮೊದಲು ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ, ಅಂದರೆ ಆ ಕ್ಷಣದ ಅಂಕಿಗಳನ್ನು ನೋಡಿದೆ. ಎಂಜಿನ್ ಕಾದಿದ್ದಾಗ ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ (ಪೆಟ್ರೋಲ್ ಪ್ರಮಾಣಕ್ಕೆ ಮಾಡಿಕೊಳ್ಳುವ ತಿದ್ದುಪಡಿ) ಶೇಕಡಾ ಮೈನಸ್ 20ರ ಆಸುಪಾಸಿನಲ್ಲಿತ್ತು. ಅಂದರೆ ತಾನೇ ಲೆಕ್ಕ ಹಾಕಿದ ಪೆಟ್ರೋಲ್ ಹೆಚ್ಚಾಯಿತೆಂದು ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಸತತವಾಗಿ ಕಡಿಮೆ ಮಾಡುತ್ತಿದೆ. ಲೆಕ್ಕವೇ ತಪ್ಪುತ್ತಿದೆ ಎಂದ ಮೇಲೆ ಆ ಲೆಕ್ಕಕ್ಕೆ ಆಧಾರ ಯಾವುದೆಂದು ನೋಡಬೇಕು. ಈ ಎಂಜಿನ್‌ನಲ್ಲಿ ಅದು ಮ್ಯಾಪ್ ಸೆನ್ಸರ್. ಎಂಜಿನ್‌ಗೆ ಗಾಳಿ ಒಯ್ಯುವ ಕೊಳವೆಯಾದ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗಿನ ಒತ್ತಡವನ್ನು ಅಳೆದು, ಎಷ್ಟು ಗಾಳಿ ಒಳಗೆ ಹೋಗುತ್ತಿದೆ ಎಂಬ ಅಂದಾಜನ್ನು ಇಸಿಯುಗೆ ಕೊಡುವುದು ಅದೇ.

ಅದನ್ನು ಪರೀಕ್ಷಿಸಲು ಖರ್ಚೇ ಇಲ್ಲದ ಒಂದು ದಾರಿಯಿದೆ. ಎಂಜಿನ್ ನಿಲ್ಲಿಸಿ ಕೀ ಮಾತ್ರ ಆನ್ ಮಾಡಿದರೆ ಮ್ಯಾನಿಫೋಲ್ಡ್‌ನಲ್ಲಿ ಇರುವುದು ಊರಿನ ವಾತಾವರಣದ ಒತ್ತಡವೇ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ, ಇಲ್ಲಿ 92 ಅಥವಾ 93 ಕಿಲೋಪಾಸ್ಕಲ್ ಬರಬೇಕು. ಕಾದ ಎಂಜಿನ್‌ನಲ್ಲಿ ಈ ಸೆನ್ಸರ್ 101 ತೋರಿಸುತ್ತಿತ್ತು. ಅದು ಮಂಗಳೂರಿನ ಕಡಲ ದಡದಲ್ಲಿ ಬರಬೇಕಾದ ಅಂಕಿ! ಎಲ್ಲಿಂದಲೋ ಗಾಳಿ ಸೋರುತ್ತಿರಬಹುದು ಎಂಬ ಅನುಮಾನವೂ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಎಂಜಿನ್ ಓಡುತ್ತಲೇ ಇಲ್ಲ. ಕೋಡ್ ಏಕೆ ಬರಲಿಲ್ಲ ಎಂಬುದೂ ತಿಳಿಯಿತು. 101 ಎಂಬುದು ಅಸಂಭವ ಅಂಕಿಯಲ್ಲ, ಈ ಊರಿಗೆ ಹೊಂದದ ಅಂಕಿ ಅಷ್ಟೇ.

ಹೋಲಿಸಿ ನೋಡಲು ನಾನು ಬಾರೋಮೀಟರ್ ಇರುವ ಮೊಬೈಲ್ ಬಳಸುತ್ತೇನೆ. ಹವಾಮಾನ ಆ್ಯಪ್ ತೋರಿಸುವ 1010ರ ಆಸುಪಾಸಿನ ಹೆಕ್ಟೋಪಾಸ್ಕಲ್ ಅಂಕಿಯನ್ನು ನಂಬಬೇಡಿ, ಅದು ಸಮುದ್ರ ಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ್ದು. ಫೋನಿನ ಸೆನ್ಸರ್ ನೇರವಾಗಿ ಅಳೆದಿದ್ದೇ ಬೇಕು.

ಹಾಗೆಂದು ತಕ್ಷಣ ಸೆನ್ಸರ್ ಬದಲಿಸಲಿಲ್ಲ. ಅರ್ಥಿಂಗ್ ಕೆಟ್ಟಿದ್ದರೂ ಸಿಗ್ನಲ್ ವೋಲ್ಟೇಜ್ ಹೀಗೆಯೇ ಏರುತ್ತದೆ. ಕನೆಕ್ಟರ್ ಕಳಚದೆ, ಹಿಂಬದಿಯಿಂದ ಸಣ್ಣ ಪಿನ್ ತೂರಿಸಿ, ಅರ್ಥ್ ತಂತಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಮಲ್ಟಿಮೀಟರ್ ಹಿಡಿದೆ. ಕೆಲವೇ ಮಿಲಿವೋಲ್ಟ್. ಐದು ವೋಲ್ಟ್ ಸರಬರಾಜೂ ಸರಿಯಿತ್ತು. ಬಳಿಕ ಸೆನ್ಸರ್ ಬಿಚ್ಚಿ, ಕನೆಕ್ಟರ್‌ನಲ್ಲೇ ಇರಿಸಿ ತಣ್ಣಗಾಗಲು ಬಿಟ್ಟೆ. ಅಂಕಿ ನಿಧಾನವಾಗಿ 93ಕ್ಕೆ ಇಳಿಯಿತು. ಹೇರ್ ಡ್ರೈಯರ್ ಹಿಡಿದೆ, ಕಣ್ಣೆದುರೇ 96, 99, 101 ಎಂದು ಏರಿತು. ಬೆಳಗಿನ ಹೊತ್ತು ಕಾರು ಏಕೆ ಚೆನ್ನಾಗಿರುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹೆದ್ದಾರಿಯಲ್ಲಿ ತೊಂದರೆ ಏಕಿಲ್ಲ ಎಂದು ಮೇಷ್ಟ್ರು ಕೇಳಿದರು. ಏನೂ ಇಡದೆಯೇ ನೂರು ಗ್ರಾಂ ತೋರಿಸುವ ತಕ್ಕಡಿಯಲ್ಲಿ ಹತ್ತು ಕಿಲೋ ಅಕ್ಕಿ ತೂಗಿದರೆ ನಷ್ಟ ಕಾಣುವುದಿಲ್ಲ, ಕಾಲು ಕಿಲೋ ಏಲಕ್ಕಿ ತೂಗಿದರೆ ಎದೆ ಧಸಕ್ಕೆನ್ನುತ್ತದೆ. ಐಡಲಿಂಗ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ಓಡುವಾಗ, ನಿಜವಾದ ಒತ್ತಡ 34ರಷ್ಟಿರುವಾಗ 8 ಹೆಚ್ಚಾದರೆ ಪೆಟ್ರೋಲ್ ಹತ್ತಿರ ಹತ್ತಿರ ಕಾಲು ಭಾಗ ಜಾಸ್ತಿ. ಆಕ್ಸಿಲರೇಟರ್ ಒತ್ತಿ, ಒತ್ತಡ 80 ದಾಟಿದಾಗ ಅದೇ 8ರ ತಪ್ಪಿಗೆ ಪೆಟ್ರೋಲ್ ಜಾಸ್ತಿಯಾಗುವುದು ಹತ್ತನೇ ಒಂದು ಭಾಗದಷ್ಟು ಮಾತ್ರ.

ಹೊಸ ಸೆನ್ಸರ್, ಜೊತೆಗೆ ಹೊಸ ಓ ರಿಂಗ್ ಹಾಕಿದೆ. ಇಸಿಯು ಕಲಿತಿಟ್ಟುಕೊಂಡಿದ್ದ ಹಳೆಯ ಟ್ರಿಮ್ ಅಳಿಸಿದೆ. ಅದನ್ನು ಅಳಿಸದಿದ್ದರೆ ಹೊಸ ಸೆನ್ಸರಿನೊಂದಿಗೂ ಕೆಲಕಾಲ ಪೆಟ್ರೋಲ್ ಕಡಿಮೆಯಾಗಿ ಗಾಡಿ ಮತ್ತೆ ನಡುಗುತ್ತದೆ. ರಿಂಗ್ ರಸ್ತೆಯಲ್ಲಿ ಓಡಿಸಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ನೋಡಿದಾಗ ಟ್ರಿಮ್ ಮೈನಸ್ 2ರಲ್ಲಿತ್ತು. ತೆಗೆಸಿದ್ದ ಹಳೆಯ ಕಾಯಿಲ್‌ಗಳು ಇನ್ನೂ ಡಿಕ್ಕಿಯಲ್ಲೇ ಇದ್ದವು. ಒಂದೊಂದಾಗಿ ಹಾಕಿ ನೋಡಿದೆ. ಎಲ್ಲವೂ ಕೆಲಸ ಮಾಡುತ್ತಿವೆ, ಜೋಪಾನವಾಗಿ ಇಟ್ಟುಕೊಳ್ಳಿ ಎಂದು ಮೇಷ್ಟ್ರಿಗೆ ಹೇಳಿದೆ.