ಉತ್ತರೆ ಮಳೆಯಿಂದ ಚಿತ್ತೆವರೆಗೆ: ಅಯ್ಯನಕೆರೆಯಲ್ಲಿ ನಾನು ಗಾಳ ಹಾಕುವ ರೀತಿ

ಸೆಪ್ಟೆಂಬರ್ ಮಧ್ಯದಲ್ಲಿ ಉತ್ತರೆ ಮಳೆ ಹಿಡಿಯುತ್ತದೆ. ಅಲ್ಲಿಂದ ಅಕ್ಟೋಬರ್ ಕೊನೆಗೆ ಚಿತ್ತೆ ಮುಗಿಯುವ ತನಕ ಚಿಕ್ಕಮಗಳೂರು ಜಿಲ್ಲೆ ಸಖರಾಯಪಟ್ಟಣದ ಅಯ್ಯನಕೆರೆ ನನಗೆ ವರ್ಷದಲ್ಲೇ ತುಂಬ ಇಷ್ಟವಾಗುವ ಜಾಗ. ಕೆರೆ ತುಂಬಿರುತ್ತದೆ, ಮೀನು ಚೆನ್ನಾಗಿ ಮೇಯುತ್ತಿರುತ್ತದೆ. ಆದರೂ ಎಷ್ಟೋ ಜನ ಬರಿಗೈಯಲ್ಲಿ ಹೋಗುವುದನ್ನು ನೋಡಿದ್ದೇನೆ. ಎಲ್ಲರೂ ಎರೆಯ, ಅಂದರೆ ಗಾಳಕ್ಕೆ ಸಿಕ್ಕಿಸುವ ಮೇವಿನ ಬಗ್ಗೆಯೇ ಕೇಳುತ್ತಾರೆ. ನನ್ನ ಪ್ರಕಾರ ಈ ದಿನಗಳಲ್ಲಿ ಎರೆಗಿಂತ ಕೂರುವ ಜಾಗ ಮುಖ್ಯ.

ಈ ಕೆರೆಗೆ ನೀರು ಬರುವುದು ಬಾಬಾಬುಡನ್‌ಗಿರಿಯ ಪೂರ್ವದ ಮಗ್ಗುಲಿಂದ ಇಳಿಯುವ ವೇದಾ ಹೊಳೆಯಿಂದ. ಬೆಟ್ಟದಲ್ಲಿ ಜೋರು ಮಳೆಯಾದರೆ, ಇಲ್ಲಿ ಬಿಸಿಲಿದ್ದರೂ ಕೆಂಪು ನೀರು ಬಂದು ಸೇರುತ್ತದೆ. ಆ ಕೆಂಪು ನೀರಿಗೂ ಕೆರೆಯ ತಿಳಿ ನೀರಿಗೂ ನಡುವೆ ಒಂದು ಗೆರೆ ಕಾಣುತ್ತದೆ. ಏರಿಯ ಮೇಲೆ ನಿಂತು ನೋಡಿದರೆ ಸಾಕು, ಗೊತ್ತಾಗುತ್ತದೆ. ನಾನು ಮೊದಲು ಹುಡುಕುವುದು ಅದನ್ನೇ. ಹೊಸ ನೀರಿನ ಜೊತೆ ಹುಳ, ಹುಲ್ಲಿನ ಬೀಜ ಎಲ್ಲ ಕೊಚ್ಚಿಕೊಂಡು ಬರುತ್ತವೆ. ಗಟ್ಟಿ ರಾಡಿಯ ಒಳಗೆ ಮೀನಿಗೆ ಕಣ್ಣು ಕಾಣುವುದಿಲ್ಲ, ಕಿವಿರಿಗೂ ಮಣ್ಣು. ಹಾಗಾಗಿ ಅದು ತಿಳಿ ನೀರಿನ ಅಂಚಿನಲ್ಲೇ ನಿಂತು ಮೇಯುತ್ತದೆ. ಗೆರೆ ಸರಿದರೆ ನಾನೂ ಚೀಲ ಎತ್ತಿಕೊಂಡು ಸರಿಯುತ್ತೇನೆ.

ಹೊಸ ನೀರು ಬರದ ದಿನ ಗಾಳಿ ನೋಡುತ್ತೇನೆ. ಅಲೆ ಬಡಿಯುವ ದಂಡೆಗೆ ಮೇವು ತೇಲಿಕೊಂಡು ಬಂದು ಸೇರುತ್ತದೆ, ನೀರಿಗೆ ಗಾಳಿಯೂ ಚೆನ್ನಾಗಿ ಬೆರೆಯುತ್ತದೆ. ಮುಂಗಾರಿನ ಗಾಳಿ ಪಶ್ಚಿಮದ ಕಡೆಯಿಂದ ಬೀಸುತ್ತದೆ. ಅಕ್ಟೋಬರ್‌ನಲ್ಲಿ ಮುಂಗಾರು ಹಿಂದೆ ಸರಿದ ಮೇಲೆ ಈಶಾನ್ಯದ ಗಾಳಿ ಶುರು. ಹೋದ ತಿಂಗಳು ಮೀನು ಸಿಕ್ಕ ದಂಡೆ ಈ ತಿಂಗಳು ಸುಮ್ನೆ ಮಲಗಿರುತ್ತದೆ. ಅದಕ್ಕೇ 'ನನ್ನ ಜಾಗ' ಅಂತ ಒಂದೇ ಕಲ್ಲಿಗೆ ಅಂಟಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಹೊತ್ತಿನ ವಿಷಯಕ್ಕೆ ಬಂದರೆ, ಬೇಸಿಗೆಯ ಹಾಗೆ ನಸುಕಿಗೇ ಓಡಬೇಕಿಲ್ಲ. ಜೊಂಡು, ಅಂತರಗಂಗೆ ತುಂಬಿದ ಮೂಲೆಗಳಲ್ಲಿ ಗಿಡಗಳು ರಾತ್ರಿಯೆಲ್ಲ ಆಮ್ಲಜನಕ ಎಳೆದುಕೊಳ್ಳುತ್ತವೆ. ಬೆಳಗಿನ ಜಾವ ಅಲ್ಲಿ ಅದು ಕಡಿಮೆ ಇರುತ್ತದೆ, ಗೆಂಡೆ ಮೀನು ಮಂಕಾಗಿರುತ್ತದೆ. ಬಿಸಿಲು ಬಿದ್ದು ಸ್ವಲ್ಪ ಹೊತ್ತಾದ ಮೇಲೆ ಚುರುಕಾಗುತ್ತದೆ. ಮೋಡ ಮುಸುಕಿದ ದಿನವಾದರೆ ಮಧ್ಯಾಹ್ನವೂ ಕಚ್ಚುತ್ತದೆ.

ಮೀನಿನ ಬಾಯಿ ನೋಡಿ ಆಳ ಇಟ್ಟುಕೊಳ್ಳುತ್ತೇನೆ. ಕಾಟ್ಲಾ ಬಾಯಿ ಮೇಲ್ಮುಖ, ಅದು ಮೇಲಿನ ನೀರಲ್ಲಿ ಮೇಯುತ್ತದೆ. ರೋಹು ನಡುವೆ. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ. ತಳಕ್ಕೆ ಹಾಕುವ ಮುಂಚೆ ಗಾಳಕ್ಕೆ ಒಂದು ಸೀಸದ ಗುಂಡು ಸಿಕ್ಕಿಸಿ ಎಸೆಯುತ್ತೇನೆ. ದಾರಕ್ಕೆ ಕಟ್ಟಿದ ತೇಲುವ ಬೆಂಡು ಮುಳುಗಿದರೆ ಆಳ ಇನ್ನೂ ಜಾಸ್ತಿ ಇದೆ ಅಂತ ಅರ್ಥ. ಬೆಂಡನ್ನು ಮೇಲಕ್ಕೆ ಸರಿಸುತ್ತಾ ಹೋಗಿ, ಅದರ ತುದಿ ಮಾತ್ರ ನೀರಿನ ಮೇಲೆ ಕಂಡಾಗ ನಿಲ್ಲಿಸುತ್ತೇನೆ. ಆಮೇಲೆ ಗುಂಡು ಬಿಚ್ಚಿ ಎರೆ. ಈ ಕೆಲಸಕ್ಕೆ ಹತ್ತು ನಿಮಿಷ ಹೋದರೂ ಬೇಸರ ಬೇಡ. ತಳದಿಂದ ಒಂದು ಗೇಣು ಮೇಲಿದ್ದ ಎರೆಯನ್ನು ಮೃಗಾಲ್ ಮೂಸಿ ನೋಡುವುದು ಅಪರೂಪ.

ಬೆಂಡಿಗೆ ಜೋಳದ ದಂಟಿನ ತಿರುಳು ನನಗೆ ಸಾಕು. ತಂಗೂಸಿ, ಅಂದರೆ ಗಾಳದ ನೈಲಾನ್ ದಾರ, 0.30 ಮಿ.ಮೀ. ದಪ್ಪದ್ದು. ಎರೆಗೆ ಕಡಲೆಕಾಯಿ ಹಿಂಡಿ ಪುಡಿ ಮತ್ತು ತೌಡನ್ನು ಬಿಸಿ ರಾಗಿ ಮುದ್ದೆಯಲ್ಲಿ ನಾದಿ, ನೀರಲ್ಲಿ ಬೇಗ ಕರಗದ ಹಾಗೆ ಗಟ್ಟಿ ಮಾಡುತ್ತೇನೆ. ಕಾಟ್ಲಾಕ್ಕೆ ಮಾತ್ರ ಸಡಿಲ, ಅದು ಸುತ್ತ ಮೋಡದಂತೆ ಹರಡಬೇಕು. ನೀರು ರಾಡಿಯಾಗಿದ್ದರೆ ಎರೆಹುಳುವೇ ಒಳ್ಳೆಯದು, ಮೀನು ಮೀಸೆಯಿಂದಲೇ ಹುಡುಕಿಕೊಳ್ಳುತ್ತದೆ. ತಳದಿಂದ ಗುಳ್ಳೆ ಸಾಲಾಗಿ ಎದ್ದರೆ ಗೆಂಡೆ ಕೆಸರು ಕೆದಕುತ್ತಿದೆ ಅಂತ ಲೆಕ್ಕ. ಆಗ ಬೆಂಡು ಮುಳುಗುವುದನ್ನೇ ಕಾಯಬೇಡಿ. ಗೆಂಡೆ ಎರೆ ಎತ್ತಿದಾಗ ಬೆಂಡು ಮೇಲೆದ್ದು ಅಡ್ಡ ಮಲಗುತ್ತದೆ, ಆ ಕ್ಷಣಕ್ಕೇ ಎಳೆಯಬೇಕು.

ಕೊರವ ಮೀನಿನ ಬಗ್ಗೆ ಒಂದು ಮಾತು. ಅದು ಮೇಲೆ ಬಂದು ಗಾಳಿ ಕುಡಿಯುವ ಮೀನು, ಜೊಂಡಿನ ಮಧ್ಯೆ 'ಗುಳುಂ' ಅಂತ ಸದ್ದು ಮಾಡುತ್ತದೆ. ರಬ್ಬರ್ ಕಪ್ಪೆಯನ್ನು ಎಲೆಗಳ ಮೇಲೆ ಕುಪ್ಪಳಿಸಿದರೆ ಎರಗುತ್ತದೆ. ಆದರೆ ಮಳೆಗಾಲದಲ್ಲಿ ಅದು ಮರಿ ಮಾಡುತ್ತದೆ. ಕೆಂಪು ಮರಿಗಳ ಹಿಂಡು ನೀರಿನ ಮೇಲೆ ಕಂಡರೆ ಅದರ ಕೆಳಗೆ ತಾಯಿತಂದೆ ಕಾವಲಿರುತ್ತವೆ. ಅಲ್ಲಿ ಎಸೆದರೆ ಸಿಗುವುದು ಖಂಡಿತ, ನಾನು ಎಸೆಯುವುದಿಲ್ಲ. ದೊಡ್ಡ ಮೀನು ಹೋದರೆ ಅಷ್ಟೂ ಮರಿ ಬೇರೆ ಮೀನುಗಳ ಬಾಯಿಗೆ. ನನ್ನ ಜೊತೆ ಬರುವ ಹುಡುಗರಿಗೆ ಇದೊಂದನ್ನು ಮಾತ್ರ ಗಟ್ಟಿ ದನಿಯಲ್ಲೇ ಹೇಳುತ್ತೇನೆ.

ಯಾವ ಕೆರೆಯೇ ಆಗಲಿ, ಮೀನಿನ ಗುತ್ತಿಗೆ ಯಾರದು ಅಂತ ಊರಲ್ಲಿ ಕೇಳಿ, ಒಪ್ಪಿಗೆ ತಗೊಂಡೇ ಕೂರಿ. ಮರಿ ಬಿಟ್ಟು ಬೆಳೆಸಿದವರ ದುಡಿಮೆ ಅದು. ಕೋಡಿ ಬಿದ್ದಿದ್ದರೆ ಹರಿಯುವ ನೀರಿಗೆ ಇಳಿಯಬೇಡಿ, ಪಾಚಿ ಕಲ್ಲು ಕಾಲು ಜಾರಿಸುತ್ತದೆ. ಚಿತ್ತೆ ಮಳೆ ಮಧ್ಯಾಹ್ನದ ಮೇಲೆ ಗುಡುಗಿನ ಜೊತೆ ಬರುವುದು ಜಾಸ್ತಿ. ಕಾರ್ಬನ್‌ನ ಗಾಳದ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ಕೆರೆ ಪಕ್ಕದ ಶಕುನಗಿರಿ ಬೆಟ್ಟದ ಹಿಂದೆ ಕಪ್ಪು ಮೋಡ ಕಟ್ಟಿದರೆ ಕಚ್ಚುತ್ತಿರುವ ಮೀನನ್ನೂ ಬಿಟ್ಟು ಏರಿಯಿಂದ ಇಳಿದುಬಿಡುತ್ತೇನೆ.